ಶಿಯಾನ್ ಶಿಲಾಶಾಸನ ಮತ್ತು ತಾಂಗ್ ಚೀನದ ಧರ್ಮಸಭೆ

ಕ್ರಿ.ಶ. 635ರಲ್ಲಿ ಪೂರ್ವ ಸಿರಿಯಾಕ್ ಧರ್ಮಸಭೆಯ ಅಲೋಪೆನರು ಚಾಂಗಾನ್ ನಗರಕ್ಕೆ, ಅಂದರೆ ಇಂದಿನ ಶಿಯಾನ್‌ಗೆ, ಬಂದಾಗ ಚಕ್ರವರ್ತಿ ತೈಜೋಂಗ್ ಅವರನ್ನು ಆದರದಿಂದ ಬರಮಾಡಿಕೊಂಡನು. 638ರಲ್ಲಿ ರಾಜಾಜ್ಞೆಯಿಂದಲೇ ಅಲ್ಲಿ ಇಪ್ಪತ್ತೊಂದು ಸನ್ಯಾಸಿಗಳ ಮಠವೊಂದು ಎದ್ದಿತು. 781ರ ಶಿಲಾಶಾಸನವು ಈ ಉಪಕಾರವನ್ನು ಕೃತಜ್ಞತೆಯಿಂದ ಸ್ಮರಿಸುತ್ತದೆ.

ಅದನ್ನು ರಚಿಸಿದ ಜಿಂಗ್‌ಜಿಂಗ್, ಸಿರಿಯಾಕ್ ಹೆಸರಿನಲ್ಲಿ ಆದಾಮ್, ಬೌದ್ಧ ಹಾಗೂ ದಾವ್ ಪರಿಭಾಷೆಯನ್ನು ನಿಸ್ಸಂಕೋಚವಾಗಿ ಬಳಸಿದ್ದಾರೆ. ಈ ಎರವಲೇ ಚೀನದ ಧರ್ಮಸಭೆಯನ್ನು ಕರಗಿಸಿತೆಂಬ ವಾದವಿದೆ. ನಾನು ಅದನ್ನು ಒಪ್ಪಲಾರೆ. ಬೌದ್ಧರೂ ಆರಂಭದಲ್ಲಿ ದಾವ್ ಪದಗಳನ್ನು ಎರವಲು ಪಡೆದವರೇ. 845ರಲ್ಲಿ ಚಕ್ರವರ್ತಿ ವೂಜೋಂಗ್ 4,600ಕ್ಕೂ ಹೆಚ್ಚು ಬೌದ್ಧ ಮಠಗಳನ್ನು ಮುಚ್ಚಿಸಿ, 2,60,000 ಭಿಕ್ಷು-ಭಿಕ್ಷುಣಿಯರನ್ನು ಗೃಹಸ್ಥಜೀವನಕ್ಕೆ ಅಟ್ಟಿದನು. ಆದರೂ ಬೌದ್ಧಧರ್ಮ ಜನರ ಮನೆಗಳಲ್ಲಿ ಉಳಿಯಿತು. ಅದೇ ಆಜ್ಞೆಗೆ ಸಿಲುಕಿದ ಕ್ರೈಸ್ತ ಮತ್ತು ಜರತುಷ್ಟ್ರ ಸನ್ಯಾಸಿಗಳು ಒಟ್ಟು ಎರಡು-ಮೂರು ಸಾವಿರ ಮಾತ್ರ. ಅರಮನೆಯ ಕೃಪೆ ಹಿಂದೆಗೆದ ಮೇಲೆ ಅವರಿಗೆ ಆಸರೆಯಿರಲಿಲ್ಲ. ಶಾಸನದ ಸಿರಿಯಾಕ್ ಹೆಸರುಗಳನ್ನೇ ನೋಡಿ: ಹೆಚ್ಚಿನವು ಯಾಜಕರವು, ಸನ್ಯಾಸಿಗಳವು.

ಆ ಶಿಲೆ ಮಣ್ಣಿನಿಂದ ಹೊರಬಂದದ್ದು 1620ರ ದಶಕದಲ್ಲಿ. ಆ ಹೊತ್ತಿಗೆ ಚೀನದಲ್ಲಿದ್ದ ಯೇಸುಸಭೆಯ ಗುರುಗಳು ಮತ್ತೆ ಆಸ್ಥಾನದ ವಿದ್ವಾಂಸರ ಸ್ನೇಹವನ್ನೇ ನೆಚ್ಚಿದ್ದರು.