ಎರೆ ಹೊಲದ ಹಾದಿ, ಬಿಡದಿ ಕಾರು

ಅಕ್ಕಾರ, ತಂಗ್ಯಾರ, ನಮ್ಮ ಮನಿಗೆ ಕಾರು ಬಂದು ವರ್ಷ ಆಗಾಕ ಬಂತು. ಇನ್ನೂ ಹಿಟ್ಟಿನ ಗಿರಣಿ ಮುಂದ ಸಿಕ್ಕರೂ, ಜಾತ್ರಿಯಾಗ ಸಿಕ್ಕರೂ ಅದ ಮಾತು ಕೇಳ್ತೀರಿ: "ಎಲ್ಲಾರೂ ಹೈಬ್ರಿಡ್ ಅಂತಾರ, ನೀವ್ಯಾಕ ಅದನ್ನ ಬಿಟ್ಟು ಪೆಟ್ರೋಲ್ ಕುಡಿಯೋದನ್ನ ತಂದ್ರಿ?" ನಿಂತ ನಿಲುವಿನ್ಯಾಗ ಹೇಳೋ ಮಾತಲ್ಲ ಇದು. ಇದಕ್ಕ 1984ರಿಂದ ಹೇಳ್ಬೇಕು, ಇನ್ನೂ ಹಿಂದಕ್ಕೂ ಹೋಗ್ಬೇಕು.

ನನ್ನ ತವರು ಯಲಬುರ್ಗಾ ತಾಲೂಕಿನ ಎರೆ ಸೀಮಿ. ಎರೆ ನೆಲ ನಿಮಗೇನು ಹೊಸದಲ್ಲ. ಬ್ಯಾಸಗಿಯಾಗ ಕಾಲು ಸಿಗೋವಷ್ಟು ಬಿರುಕು ಬಿಡ್ತೈತಿ, ಮಳಿ ಬಿದ್ರ ಚಪ್ಪಲಿ ಅಲ್ಲೇ ಬಿಟ್ಟು ಬರ್ಬೇಕು. 1984ರ ಶ್ರಾವಣದಾಗ ನನಗ ಹದಿಮೂರು ವರ್ಷ. ನಮ್ಮ ಚಿಗವ್ವಗ ಬ್ಯಾನಿ ಶುರುವಾತು. ಸೂಲಗಿತ್ತಿ "ನನ್ನ ಕೈಯಾಗ ಆಗೂದಿಲ್ಲ, ದವಾಖಾನಿಗೆ ಒಯ್ಯಿರಿ" ಅಂದ್ಲು. ಚಕ್ಕಡಿಯಾಗ ಹುಲ್ಲು ಹಾಕಿ, ಮ್ಯಾಲೆ ಕೌದಿ ಹಾಸಿ ಮಲಗಿಸಿದ್ವಿ. ಊರು ದಾಟಿ ಹಳ್ಳದ ದಂಡಿಗೆ ಬರೂದ್ರೊಳಗ ಗಾಲಿ ಅಚ್ಚಿನ ಮಟ ಹೂತು ಹೋದ್ವು. ಎತ್ತು ಮೊಣಕಾಲು ಊರಿ ಕುಂತ್ವು. ಅಪ್ಪ, ಕಾಕಾ, ಆಳುಮಗ ಮೂರೂ ಮಂದಿ ಹೆಗಲು ಕೊಟ್ರೂ ಗಾಡಿ ಗೇಣು ಸರಿಲಿಲ್ಲ. ನಾನು ಛತ್ರಿ ಹಿಡಕೊಂಡು ಚಿಗವ್ವನ ತಲಿ ಹತ್ರ ಕುಂತಿದ್ದೆ. ಆ ಛತ್ರಿ ತುಂಬ ತೂತು ಇದ್ವು, ಅದು ಇವತ್ತಿಗೂ ನೆನಪೈತಿ.

ಎಷ್ಟೋ ಹೊತ್ತಿನ ಮ್ಯಾಲೆ ಒಂದು ಸರ್ಕಾರಿ ಜೀಪು ಬಂತು. ಡ್ರೈವರ್ ಇಳಿದು ಹಳ್ಳ ನೋಡಿದ, ಮತ್ತ ಹತ್ತಿ ದೊಡ್ಡ ಗೇರಿನ ಬಾಜೂಕ ಇರೋ ಸಣ್ಣ ಕೋಲು ಎಳದ. ಜೀಪು ಗೊರ್ ಅಂತ ಸದ್ದು ಮಾಡಿ, ನಾಲ್ಕೂ ಗಾಲಿಯಿಂದ ಕೆಸರು ಚೆಲ್ಲಿ, ಹಳ್ಳ ದಾಟಿ ನಮ್ಮ ಕಡಿ ಬಂತು. ಚಿಗವ್ವನ್ನ ಅದರಾಗ ಒಯ್ದ್ರು. ಚಿಗವ್ವ ಉಳದ್ಲು. ಕೂಸು ಉಳಿಲಿಲ್ಲ. "ಒಂದು ತಾಸು ಮೊದಲ ಬಂದಿದ್ರ" ಅಂತ ಅಲ್ಲಿ ಅಂದ್ರಂತ. ಆ ಒಂದು ತಾಸು ನಮ್ಮ ಮನಿಯಾಗ ನಲವತ್ತು ವರ್ಷ ಕುಂತೈತಿ.

ಆ ಸಣ್ಣ ಕೋಲು ಏನು ಮಾಡ್ತು ಅಂತ ಆಗ ನನಗ ಗೊತ್ತಿದ್ದಿಲ್ಲ. ಸಾದಾ ಗಾಡಿಯಾಗ ಎಂಜಿನ್ನಿನ ಶಕ್ತಿ ಎರಡು ಗಾಲಿಗೆ ಮಾತ್ರ ಹೋಗ್ತೈತಿ, ಉಳಿದ ಎರಡು ಸುಮ್ಮನ ಉಳ್ಳಕೊಂತ ಬರ್ತಾವ. ಕೆಸರಿನ್ಯಾಗ ಆ ಎರಡು ಜಾರಿದ್ರ ಕತಿ ಮುಗೀತು. ಕೋಲು ಎಳದ್ರ ನಾಲ್ಕಕ್ಕೂ ಶಕ್ತಿ ಹಂಚಿ ಹೋಗ್ತೈತಿ. ಮುಂದಿನವು ಎಳಿತಾವ, ಹಿಂದಿನವು ನೂಕ್ತಾವ. ಈ ಜೀಪು ಹುಟ್ಟಿದ್ದು ಎರಡನೇ ಮಹಾಯುದ್ಧದಾಗ, 1941ರ ಸುಮಾರಿಗೆ, ಅಮೆರಿಕದ ಸೈನ್ಯಕ್ಕಂತ. ಸ್ವಾತಂತ್ರ್ಯ ಬಂದ 1947ರಾಗ ಮಹೀಂದ್ರಾದವರು ಮುಂಬೈಯೊಳಗ ಅದನ್ನ ಜೋಡಿಸಾಕ ಶುರು ಮಾಡಿದ್ರು. ಯುದ್ಧಕ್ಕ ಹುಟ್ಟಿದ್ದು ನಮ್ಮ ತಾಲೂಕಿನ ಹಳ್ಳ ದಾಟೂದಕ್ಕೂ ಬಂತು ನೋಡ್ರಿ.

ಈಗ ಹೈಬ್ರಿಡ್ ಮಾತಿಗೆ ಬರ್ತೀನಿ. ಹೈಬ್ರಿಡ್ ಅಂದ್ರ ನಾವೆಲ್ಲ ಜ್ವಾಳ, ಹತ್ತಿ ಬೀಜ ಅಂತನ ತಿಳಕೊಂಡವ್ರು. ಕಾರಿನ್ಯಾಗ ಅದರ ಅರ್ಥ ಪೆಟ್ರೋಲ್ ಎಂಜಿನ್ನೂ ಕರೆಂಟಿನ ಮೋಟರೂ ಒಂದ ಗಾಡಿಯಾಗ ಇರೂದು. ಇದಕ್ಕ ಮನಿಯಾಗ ವೈರ್ ಹಚ್ಚೂದು ಬ್ಯಾಡ. ಬ್ರೇಕ್ ಹಾಕಿದಾಗ ಸಾದಾ ಗಾಡಿಯಾಗ ಓಟದ ಬಲ ಬಿಸಿಯಾಗಿ ಗಾಳಿಗೆ ಹೋಗ್ತೈತಿ. ಹೈಬ್ರಿಡ್‌ನ್ಯಾಗ ಅದ ಬಲ ಮೋಟರನ್ನ ತಿರುಗಿಸಿ ಬ್ಯಾಟರಿಗೆ ಕರೆಂಟ್ ತುಂಬ್ತೈತಿ. ಮತ್ತ ನಿಧಾನ ಹೋಗುವಾಗ ಎಂಜಿನ್ ಬಂದ್ ಆಗಿ ಆ ಕರೆಂಟಿನ ಮ್ಯಾಲೆ ಗಾಡಿ ಹೋಗ್ತೈತಿ. ರೊಟ್ಟಿ ಮುಗದ ಮ್ಯಾಲೆ ಒಲಿಯ ಕೆಂಡದ ಮ್ಯಾಲೆ ನೀರು ಕಾಸ್ಕೋತಿದ್ವಲ್ಲ, ಹಂಗ. ಮುಂಚೆ ನಮ್ಮ ರೈಲ್ವೆ ಗೇಟು ಹಾಕಿದ್ರ ಎಷ್ಟೊತ್ತು ಗಾಡಿ ಚಾಲೂ ಇಟ್ಕೊಂಡು ನಿಲ್ತಿದ್ರು, ನೆನಪೈತೇನು? ಅಂಥಲ್ಲೇ ಹೈಬ್ರಿಡ್ ಪೆಟ್ರೋಲ್ ಉಳಿಸೂದು.

ಇದೇನು ನಿನ್ನೆ ಮೊನ್ನಿನ ವಿದ್ಯಾ ಅಲ್ಲ. ಫರ್ಡಿನಾಂಡ್ ಪೋರ್ಶೆ ಅನ್ನೋ ಎಂಜಿನಿಯರ್ 1900ರಾಗ ಆಸ್ಟ್ರಿಯಾದೊಳಗ ಪೆಟ್ರೋಲು, ಕರೆಂಟು ಎರಡೂ ಕೂಡಿದ ಗಾಡಿ ಮಾಡಿದ್ದ. ಅದ ಸುಮಾರಿಗೆ ನಾಲ್ಕೂ ಗಾಲಿಗೆ ಒಂದೊಂದು ಮೋಟರ್ ಕೂಡಿಸಿದ ಗಾಡಿನೂ ಮಾಡಿದ್ದ. ನಾನು ನನ್ನ ಮಗ ತಿಂಗಳಾನುಗಟ್ಟಲೆ ಜಗಳಾಡಿದ ಎರಡೂ ವಿಚಾರ ಒಬ್ಬನ ಕೈಯಾಗ, ಒಂದ ವರ್ಷದಾಗ!

ಜಪಾನಿನ ಕತಿನೂ ಹಂಗ ಐತಿ. ಅಲ್ಲಿ ಹಿಮ ಬೀಳೋ ಸೀಮ್ಯಾಗ ಕರೆಂಟ್ ಕಂಪನಿಯವ್ರಿಗೆ ಲೈನ್ ನೋಡಾಕ ಹೋಗೂದು ಕಷ್ಟ ಆಗ್ತಿತ್ತು. ಜೀಪಿನ್ಯಾಗ ಹೋದ್ರ ಚಳಿ. ಹಿಂಗಾಗಿ ಬೆಚ್ಚಗಿನ ಕಾರಿಗೇ ನಾಲ್ಕು ಗಾಲಿ ಎಳಿಯೂದು ಕೊಡ್ರಿ ಅಂತ ಸುಬಾರು ಕಂಪನಿಯವ್ರನ್ನ ಕೇಳಿದ್ರು. 1972ರಾಗ ಲಿಯೋನ್ ಅನ್ನೋ ವ್ಯಾಗನ್ ಬಂತು. ವ್ಯಾಗನ್ ಅಂದ್ರ ಹಿಂದ ಸಾಮಾನಿಗೆ ಉದ್ದಕ ಜಾಗ ಇರೋ ಕಾರು. ಆಮ್ಯಾಲೆ 1997ರ ಡಿಸೆಂಬರಿನ್ಯಾಗ ಟೊಯೊಟಾದ ಪ್ರಿಯಸ್ ಬಂತು, ಹೈಬ್ರಿಡ್ ಮನಿಮನಿಗೆ ಮುಟ್ಟಿದ್ದು ಅದರಿಂದ. ಅಮೆರಿಕದಾಗಿರೋ ನಮ್ಮಕ್ಕನ ಮಗಳು ಹೋದ ಸಲ ಫೋನಿನ್ಯಾಗ, "ಚಿಗವ್ವಾ, ನಾವು ಹೈಬ್ರಿಡ್ ರ‍್ಯಾವ್4 ತಗೊಳ್ಳೂದೋ, ಸುಬಾರು ಗ್ಯಾಸ್ ಗಾಡಿ ತಗೊಳ್ಳೂದೋ" ಅಂತ ಕೇಳಿದ್ಲು. ನಾನು ಸಿಲಿಂಡರ್ ಗಾಡಿ ಅಂತ ತಿಳಕೊಂಡು "ಗ್ಯಾಸ್ ಬ್ಯಾಡವ್ವಾ, ಬೆಂಕಿ ಅದು" ಅಂದೆ. ಅಲ್ಲಿ ಪೆಟ್ರೋಲಿಗೇ ಗ್ಯಾಸ್ ಅಂತಾರಂತ.

ಅದ 1997ರಾಗ ನಮ್ಮ ಕೊಪ್ಪಳ ರಾಯಚೂರಿಂದ ಬ್ಯಾರೆ ಆಗಿ ಜಿಲ್ಲಾ ಆತು. ಅದ ವರ್ಷ ಟೊಯೊಟಾ ಕಿರ್ಲೋಸ್ಕರ್ ಕಂಪನಿ ಶುರುವಾತು, ಬಿಡದಿಯಾಗ ಕಾರ್ಖಾನಿ ಎದ್ದಿತು. ಕಿರ್ಲೋಸ್ಕರ್ ಅಂದ್ರ ನಮ್ಮ ಉತ್ತರ ಕರ್ನಾಟಕದವರ. ಲಕ್ಷ್ಮಣರಾವ್ ಕಿರ್ಲೋಸ್ಕರ್ 1869ರಾಗ ಬೆಳಗಾವಿ ಜಿಲ್ಲಾ ಗುರ್ಲಹೊಸೂರಿನ್ಯಾಗ ಹುಟ್ಟಿದವರು. ಬೆಳಗಾವಿಯಾಗ ಸೈಕಲ್ ಅಂಗಡಿ ಇಟ್ಟಿದ್ರು. ಆಮ್ಯಾಲೆ ಕಬ್ಬಿಣದ ನೇಗಿಲು ಮಾಡಿದ್ರ, ಕಬ್ಬಿಣ ನೆಲಕ್ಕ ವಿಷ ಅಂತ ರೈತರು ಹೆದರಿ ತಗೊಳ್ಳಲಿಲ್ಲಂತ. 1910ರಾಗ ಕಿರ್ಲೋಸ್ಕರವಾಡಿ ಕಟ್ಟಿದ್ರು. ಅವರ ನಾಲ್ಕನೇ ತಲೆಮಾರಿನ ವಿಕ್ರಮ್ ಕಿರ್ಲೋಸ್ಕರ್ ಟೊಯೊಟಾದವ್ರನ್ನ ಬಿಡದಿಗೆ ತಂದವರು. ನಮ್ಮ ಜಿಲ್ಲಾದಾಗ ಬೇವಿನಹಳ್ಳಿ ಹತ್ರ ಇರೋ ಕಿರ್ಲೋಸ್ಕರ್ ಫೆರಸ್ ಆ ಮನೆತನದ ಇನ್ನೊಂದು ಕವಲಿಂದು. ಅಲ್ಲಿ ಕಬ್ಬಿಣ ಕರಗಿಸಿ ಎಂಜಿನ್ನಿಗೆ ಬೇಕಾಗೋ ಎರಕದ ಸಾಮಾನು ಮಾಡ್ತಾರ.

ಬಿಡದಿಯಿಂದ 2000ದಾಗ ಕ್ವಾಲಿಸ್ ಬಂತು, 2005ರಾಗ ಇನ್ನೋವಾ. ನಮ್ಮ ಕಡೆ ಮದುವಿ ದಿಬ್ಬಣ ಅಂದ್ರ ಟ್ರ್ಯಾಕ್ಸ್, ಕ್ರೂಸರ್ ಇತ್ತಲ್ಲ, ಉಳ್ಳವರು ಕ್ವಾಲಿಸ್‌ಗೆ ಬದಲಾದ್ರು. 2013ರಾಗ ಕ್ಯಾಮ್ರಿ ಹೈಬ್ರಿಡ್ ಅಲ್ಲೇ ತಯಾರಾತು, ಆದ್ರ ಅದು ಶ್ರೀಮಂತರ ಗಾಡಿ. ನಮ್ಮಂಥವರ ಕಣ್ಣಿಗೆ ಬಿದ್ದದ್ದು 2022ರಾಗ. ಆ ವರ್ಷ ಟೊಯೊಟಾದ ಹೈರೈಡರ್, ಮಾರುತಿಯ ಗ್ರ್ಯಾಂಡ್ ವಿಟಾರಾ ಎರಡೂ ಬಿಡದಿಯ ಒಂದ ಕಾರ್ಖಾನಿಯಿಂದ ಬಂದ್ವು. ನವೆಂಬರಿನ್ಯಾಗ ಇನ್ನೋವಾ ಹೈಕ್ರಾಸ್ ಹೈಬ್ರಿಡ್ ತೋರಿಸಿದ್ರು. ಅದಾಗಿ ನಾಲ್ಕ ದಿನಕ್ಕ, 29ನೇ ತಾರೀಖು, ವಿಕ್ರಮ್ ಕಿರ್ಲೋಸ್ಕರ್ ತೀರಿಕೊಂಡ್ರು. ಪೇಪರಿನ್ಯಾಗ ಓದಿ ನಮ್ಮನಿಯವ್ರು ಸುಮ್ಮನ ಕುಂತಿದ್ರು. ಅವರಿಗೇನು ಪರಿಚಯ ಇದ್ದಿಲ್ಲ, ಸುಮ್ಮನ ಸಂಕಟ.

ಈ ಹೈರೈಡರಿನ್ಯಾಗ ನಮ್ಮ ಜಗಳ ಹುಟ್ಟಿತು ನೋಡ್ರಿ. ಒಂದ ಮೈಕಟ್ಟು, ಒಳಗ ಎರಡು ಥರ. ಒಂದು ಹೈಬ್ರಿಡ್: 1490 ಸಿಸಿ, ಮೂರು ಸಿಲಿಂಡರ್, ಗೇರು ತಾನ ಬೀಳೂದು, ಲೀಟರಿಗೆ 27.97 ಕಿ.ಮೀ. ಅಂತ ಪರೀಕ್ಷಾ ಲೆಕ್ಕ, ಮುಂದಿನ ಎರಡು ಗಾಲಿ ಮಾತ್ರ ಎಳಿಯೂದು. ಇನ್ನೊಂದು 1462 ಸಿಸಿ ಪೆಟ್ರೋಲ್, ನಾಲ್ಕೂ ಗಾಲಿ ಎಳಿಯೂದು, ಪರೀಕ್ಷಾ ಲೆಕ್ಕ 19.38. ಇದರ ಮ್ಯಾಲೂ ಸಣ್ಣ ಹೈಬ್ರಿಡ್ ಅಂತ ಬರೀತಾರ, ಆದ್ರ ಆ ಮೋಟರ್ ಎಂಜಿನ್ನಿಗೆ ಒಂದೀಟು ಕೈ ಕೊಡೂದಷ್ಟ, ತಾನ ಗಾಡಿ ಎಳಿಯೂದಿಲ್ಲ. ನಾವು 2024ರಾಗ ನೋಡಿದಾಗ ನಾಲ್ಕು ಗಾಲಿಯದು ಕ್ಲಚ್ ಗೇರಿನ್ಯಾಗ ಮಾತ್ರ ಇತ್ತು.

ದುಡ್ಡು ನಂದು. ತವರಿನ ಹೊಲದ ಪಾಲು ತಮ್ಮನ ಹೆಸರಿಗೆ ಬಿಟ್ಟುಕೊಟ್ಟಾಗ ಅವನು ಕೊಟ್ಟದ್ದು. ಬ್ಯಾಡ ಅಂದ್ರೂ ಲೆಕ್ಕ ಹಾಕಿ ಕೊಟ್ಟ. ಹಂಗಾಗಿ ಮನಿಯಾಗ ಮೊದಲನೇ ಸಲ ಗಾಡಿ ವಿಚಾರಕ್ಕ ನನ್ನ ಮುಖ ನೋಡಿದ್ರು.

ಮಗ ಹೈಬ್ರಿಡ್ ಅಂದ. ಸೊಸಿನೂ ಅದನ್ನ ಅಂದ್ಲು, ಆಕಿಗೆ ಕ್ಲಚ್ ಬರ್ತಿದ್ದಿಲ್ಲ. ನಾನು ನೋಟ್‌ಬುಕ್ ತಗೊಂಡು ಕುಂತೆ. ಸೀರಿ ಗಂಟು ತಗೊಂಡು ಗದಗು, ಹುಬ್ಬಳ್ಳಿ, ಹೊಸಪೇಟಿ ಅಂತ ನಮ್ಮ ಓಡಾಟ ತಿಂಗಳಿಗೆ 1,200 ಕಿ.ಮೀ. ಗಾಡಿ ಇದ್ದ ಬೀಗರು ಹೇಳಿದ ಪ್ರಕಾರ ಹೈಬ್ರಿಡ್‌ಗೆ 20, ಇದಕ್ಕ 14 ಅಂತ ಕಡಿಮಿನ ಹಿಡದೆ. ಅದಕ್ಕ 60 ಲೀಟರ್, ಇದಕ್ಕ 86. ಲೀಟರಿಗೆ 103 ಹಿಡದ್ರ ತಿಂಗಳಿಗೆ 2,678 ರೂಪಾಯಿ ಉಳಿತಾಯ. ಆದ್ರ ನಮಗ ಹೇಳಿದ ರೇಟಿನ್ಯಾಗ ಹೈಬ್ರಿಡ್ ಎರಡೂವರೆ ಲಕ್ಷ ಹೆಚ್ಚು. ಭಾಗಿಸಿ ನೋಡ್ರಿ, ಆ ಎರಡೂವರೆ ಲಕ್ಷ ವಾಪಸ್ ಬರಾಕ ಏಳು ವರ್ಷ ಒಂಬತ್ತು ತಿಂಗಳು. ಬೆಂಗಳೂರಿನ್ಯಾಗ ದಿನಾ ಟ್ರಾಫಿಕ್‌ನ್ಯಾಗ ನಿಲ್ಲೋರಾದ್ರ, ತಿಂಗಳಿಗೆ ಎರಡು ಮೂರು ಸಾವಿರ ಕಿ.ಮೀ. ಓಡಿಸೋರಾದ್ರ ಬ್ಯಾಗ ಬರ್ತೈತಿ. ಅವರಿಗೆ ನಾನೂ ಹೈಬ್ರಿಡ್ ತಗೋರಿ ಅಂತನ ಹೇಳ್ತೀನಿ. ನಮ್ಮದು ಹೈವೇ ಓಟ. ಅಲ್ಲಿ ಬ್ರೇಕ್ ಹಾಕೂದ ಕಡಿಮಿ, ಕೆಂಡ ಎಲ್ಲಿಂದ ಬರಬೇಕು? ಮ್ಯಾಲೆ ಹೈಬ್ರಿಡ್‌ನ್ಯಾಗ ಬ್ಯಾಟರಿ ಡಿಕ್ಕಿ ಕಡೆ ಇರೂದ್ರಿಂದ ಸಾಮಾನಿನ ಜಾಗ ಸಣ್ಣದು. ನಮ್ಮನಿಯವ್ರು ಎರಡು ಸೀರಿ ಗಂಟು ಇಟ್ಟು ನೋಡಿ ತಲಿ ಅಲ್ಲಾಡಿಸಿದ್ರು.

ಇಷ್ಟೆಲ್ಲ ಲೆಕ್ಕ ಮಗನಿಗೆ ಹೇಳಾಕ. ನನ್ನ ಒಳಗಿನ ಲೆಕ್ಕ ಬ್ಯಾರೆ ಇತ್ತು. ನಮ್ಮವ್ವಗ ಎಂಬತ್ತೆರಡು. ತಮ್ಮನ ಜೋಡಿ ಹೊಲದ ಮನಿಯಾಗ ಇರ್ತಾಳ. ಊರಿನ ಮಟ ಡಾಂಬರ್ ಬಂದೈತಿ, ಹಳ್ಳಕ್ಕ ಸೇತುವಿ ಆಗೈತಿ, ಆದ್ರ ಹೊಲದ ಮನಿಗೆ ಇನ್ನೂ ಒಂದು ಮೈಲು ಎರೆ ಹಾದಿ. ಮಗ ಅಂದ, "ಅವ್ವಾ, ವರ್ಷದಾಗ ಹತ್ತು ದಿನದ ಮಳಿಗೆ ನಾಲ್ಕು ಗಾಲಿ ಬೇಕಾ?" ಅವನು ಹೇಳಿದ್ದು ಸುಳ್ಳಲ್ಲ. ಆಗ ಚಿಗವ್ವ ಅಲ್ಲೇ ಅವರೆಕಾಯಿ ಸುಲೀತಾ ಕುಂತಿದ್ಲು. ತಲಿ ಎತ್ತದ "ನನಗ ಬ್ಯಾನಿ ಬಂದದ್ದು ಆ ಹತ್ತು ದಿನದಾಗ ಒಂದು ದಿನ, ತಮ್ಮಾ" ಅಂದ್ಲು. ಮುಂದ ಯಾರೂ ಮಾತಾಡಲಿಲ್ಲ.

ಸೊಸಿ ಡ್ರೈವಿಂಗ್ ಸ್ಕೂಲಿಗೆ ಹೋಗಿ ಕ್ಲಚ್ ಕಲತ್ಲು. ಆಕಿ ಕಲಿಯೂತನಕ ಗಾಡಿ ಬುಕ್ ಮಾಡೂದು ಬ್ಯಾಡ ಅಂತ ನಾನ ಹೇಳಿದ್ದೆ. ಗಂಡಸ್ರು ಊರಾಗ ಇಲ್ಲದಾಗ ನಾಲ್ಕು ಗಾಲಿ ಮನಿ ಮುಂದ ನಿಂತು ಏನು ಮಾಡ್ತಾವ? ದೀಪಾವಳಿಗೆ ಗಾಡಿ ತಂದ್ವಿ.

ಈ ವರ್ಷ ಮಿರಗದ ಮಳಿಗೆ ಒಂದು ರಾತ್ರಿ ತಮ್ಮ ಫೋನ್ ಮಾಡಿದ, ಅವ್ವಗ ಉಸಿರು ಎತ್ತಾಕತ್ತೈತಿ ಅಂತ. ನಮ್ಮನಿಯವ್ರು, ಮಗ ಇಬ್ಬರೂ ಹುಬ್ಬಳ್ಳಿಯಾಗ. ನಾನು ಸೊಸಿ ಹೊಂಟ್ವಿ. ಡಾಂಬರ್ ಮುಗಿಯೋ ಕಡೆ ಸೊಸಿ ನಿಂತು ಗೇರಿನ ಹಿಂದಿರೋ ಗುಂಡಿ ತಿರುಗಿಸಿದ್ಲು. ಅರ್ಧ ಹಾದಿಗೆ ಗಾಲಿಗೆ ಎರೆ ಮೆತ್ತಿ ಗಾಡಿ ಹಾವಿನಂಗ ಹೊರಳಾಡ್ತು. ನಾಲ್ಕು ಗಾಲಿ ಇದ್ರೂ ಟೈಯರ್ ರೋಡಿಂದು, ಜೀಪಿನಂಗ ಅಲ್ಲ. ನನ್ನ ಎದಿ ಹಳ್ಳದ ದಂಡಿಗೆ ಹೋಗಿ ಬಂತು. ಸೊಸಿ ಎಕ್ಸಲೇಟರ್ ತುಳಿಯಲಿಲ್ಲ, ಒಂದನೇ ಗೇರಿನ್ಯಾಗ ಮೆಲ್ಲಕ ಬಿಟ್ಲು, ಗಾಡಿ ತೆವಳಿಕೊಂತ ಹೊಲದ ಮನಿ ಮುಟ್ಟಿತು. ಅವ್ವನ್ನ ಹಿಂದ ಮಲಗಿಸಿಕೊಂಡು ಬೆಳಕು ಹರಿಯೂದ್ರೊಳಗ ಕೊಪ್ಪಳದ ದವಾಖಾನಿಗೆ ತಂದ್ವಿ. ಆರು ದಿನ ಇದ್ದು ಮನಿಗೆ ಬಂದ್ಲು. ಈಗ ನಮ್ಮ ಪಡಸಾಲಿಯಾಗ ಕುಂತು ನನ್ನ ಅಡಗಿಗೆ ಹೆಸರಿಡ್ತಾಳ.

ತಮ್ಮ ಹೋದ ವಾರ ಆ ಹಾದಿಗೆ ಗರಸು ಹಾಕಿಸಾಕ ಟ್ರ್ಯಾಕ್ಟರ್ ಹೇಳ್ಯಾನ. ಅದಾದ್ರ ನಾಲ್ಕು ಗಾಲಿ ಯಾಕ ಬೇಕಿತ್ತು ಅಂತ ಮಗ ಮತ್ತ ಶುರು ಮಾಡ್ಯಾನ, ಮಾಡ್ಲಿ. ಅಂದಂಗ ಆ ರಾತ್ರಿ ಸೊಸಿ ಯಾವ ಗುಂಡಿ ತಿರುಗಿಸಿದ್ಲು ಅಂತ ಆಮ್ಯಾಲೆ ಕೇಳಿದೆ. "ಸ್ನೋ" ಅಂದ್ಲು. ಹಿಮದಾಗ ಹೋಗಾಕಂತ ಇಟ್ಟದ್ದು, ಜಾರೋ ಕೆಸರಿಗೂ ಬರ್ತೈತಂತ. ಅವ್ವಗ ಹೇಳಿದ್ರ, "ನಮ್ಮ ಹೊಲದಾಗ ಹಿಮ ಯಾವಾಗ ಬಿತ್ತಬೇ?" ಅಂತ ಕೇಳಿದ್ಲು.