ಕೋವಿಯ ಕೀಲು: ಅದರ ಚರಿತ್ರೆಯೂ ಅದು ಅಂಟಿಕೊಳ್ಳುವ ಕಾರಣವೂ

ಬಹುಕಾಲ ಮೂಲೆಯಲ್ಲಿದ್ದ ಜೋಡುನಳಿಗೆಯ ಕೋವಿಯನ್ನು ಕೈಗೆತ್ತಿಕೊಂಡವರಲ್ಲಿ ಅನೇಕರು ಅದರಲ್ಲಿ ಒಂದು ದೋಷವನ್ನು ಕಂಡಿರಬಹುದು. ಟ್ರಿಗರನ್ನು ಬೆರಳಿನಿಂದ ಎಳೆದರೆ ಅದು ಹಿಂದಕ್ಕೆ ಬರುತ್ತದೆ. ಬೆರಳು ತೆಗೆದರೆ ಸ್ವಸ್ಥಾನಕ್ಕೆ ಮರಳುವುದಿಲ್ಲ, ಮರಳಿದರೂ ಆಲಸ್ಯದಿಂದ ಮರಳುತ್ತದೆ. ಮನೆಯವರು ಇದನ್ನು ಅಲ್ಪದೋಷವೆಂದೆಣಿಸಿ, ಸಂದಿಯೊಳಕ್ಕೆ ನಾಲ್ಕು ತೊಟ್ಟು ಎಣ್ಣೆ ಬಿಟ್ಟು ಸುಮ್ಮನಾಗುವುದು ವಾಡಿಕೆ. ದೋಷವು ಅಲ್ಪವಲ್ಲವೆಂಬುದನ್ನೂ, ಆ ನಾಲ್ಕು ತೊಟ್ಟು ಎಣ್ಣೆಯೇ ಅನೇಕವೇಳೆ ಅದಕ್ಕೆ ಮೂಲವೆಂಬುದನ್ನೂ ಕೋವಿಯ ಕೀಲಿನ ಚರಿತ್ರೆಯಿಂದಲೇ ತಿಳಿಯಬಹುದಾಗಿದೆ.

‘ಯಂತ್ರ’ಶಬ್ದವು ‘ಯಮ್’ ಧಾತುವಿನಿಂದ ಬಂದುದು. ಆ ಧಾತುವಿಗೆ ಹಿಡಿದು ನಿಲ್ಲಿಸುವುದು, ನಿಗ್ರಹಿಸುವುದು ಎಂದರ್ಥ. ಕೋವಿಯ ಕೀಲಿಗೆ ಈ ಅರ್ಥವು ಒಪ್ಪುವಷ್ಟು ಚೆನ್ನಾಗಿ ಮತ್ತಾವ ಯಂತ್ರಕ್ಕೂ ಒಪ್ಪಲಾರದು. ಗುಂಡು ಹಾರಿಸುವುದು ಮದ್ದಿನ ಕೆಲಸ. ಹಾರಬೇಕಾದ ಕ್ಷಣದವರೆಗೂ ಹಾರದಂತೆ ತಡೆದು ಹಿಡಿಯುವುದೇ ಕೀಲಿನ ಕೆಲಸ.

ಮೊದಲಿನ ಕೋವಿಗಳಲ್ಲಿ ಈ ತಡೆಯ ಅವಶ್ಯಕತೆ ಇರಲಿಲ್ಲ. ಉರಿಯುವ ಬತ್ತಿಯನ್ನು ಒಂದು ಕೊಂಡಿಗೆ ಸಿಕ್ಕಿಸಿ, ಸನ್ನೆಯನ್ನು ಒತ್ತಿದಾಗ ಅದು ಬಾಗಿ ಮದ್ದಿನ ಬಟ್ಟಲನ್ನು ಮುಟ್ಟುವಂತೆ ಮಾಡಿದ್ದರು. ಒತ್ತುವುದನ್ನು ಬಿಟ್ಟರೆ ಬತ್ತಿ ಮೇಲೇಳುತ್ತಿತ್ತು. ಕೀಲಿನೊಳಗೆ ಕೂಡಿಟ್ಟ ಬಲವೆಂಬುದಿಲ್ಲ. ೧೫೨೦ರಲ್ಲಿ ಕೃಷ್ಣದೇವರಾಯನು ರಾಯಚೂರನ್ನು ಮುತ್ತಿದಾಗ ಕ್ರಿಸ್ಟೊವಾವ್ ದೆ ಫಿಗೆರೆದೊ ಎಂಬವನ ಪೋರ್ತುಗೀಜ್ ತಂಡದವರು ಕೋಟೆಯ ಮೇಲಿದ್ದವರನ್ನು ಹೊಡೆದು ಬೀಳಿಸಿದರೆಂದು ನೂನಿಜನು ಬರೆದಿದ್ದಾನೆ. ಅವರ ಕೈಯಲ್ಲಿದ್ದುವು ಇಂತಹ ಬತ್ತಿಯ ಕೋವಿಗಳೇ. ಶುಕ್ರನೀತಿಯಲ್ಲಿ ಬರುವ ‘ಲಘುನಾಲಿಕ’ದ ವರ್ಣನೆಯನ್ನು ತೋರಿಸಿ, ಕೋವಿಯು ನಮ್ಮಲ್ಲಿ ಪುರಾತನವಾದುದೆಂದು ವಾದಿಸುವವರುಂಟು. ಆ ಭಾಗವು ಕೋವಿಗಳು ಬಂದ ಮೇಲೆ ಬರೆದುದೆಂದು ವಿದ್ವಾಂಸರನೇಕರ ಮತ. ನನಗೂ ಹಾಗೆಯೇ ತೋರುತ್ತದೆ.

ಹದಿನೇಳನೆಯ ಶತಮಾನದ ಆದಿಯಲ್ಲಿ ಫ್ರಾನ್ಸ್ ದೇಶದಲ್ಲಿ ಚಕಮಕಿಕಲ್ಲಿನ ಕೀಲು ರೂಪುಗೊಂಡಿತು. ಆಗ ವಿಷಯವೆಲ್ಲ ಬದಲಾಯಿತು. ಕಲ್ಲನ್ನು ಕಚ್ಚಿಹಿಡಿದ ‘ಕುದುರೆ’ಯನ್ನು ಹಿಂದಕ್ಕೆಳೆದಾಗ ಒಳಗಿನ ಕಮಾನು ಬಾಗಿ ಬಲವನ್ನು ತುಂಬಿಕೊಳ್ಳುತ್ತದೆ. ಕುದುರೆಯ ಬುಡದಲ್ಲಿ ಒಳಗಡೆ ಟಂಬ್ಲರ್ ಎಂಬ ಉಕ್ಕಿನ ತುಂಡುಂಟು. ಅದರ ಅಂಚಿನಲ್ಲಿ ಒಂದು ಕಚ್ಚು. ಸಿಯರ್ ಎಂಬ ಪುಟ್ಟ ಸನ್ನೆಕೋಲಿನ ಮೂತಿಯು ಆ ಕಚ್ಚಿನಲ್ಲಿ ಕುಳಿತು ಕಮಾನಿನ ಬಲವನ್ನೆಲ್ಲ ತಡೆಯುತ್ತದೆ. ಟ್ರಿಗರ್ ಮಾಡುವುದಿಷ್ಟೇ: ಸಿಯರಿನ ಬಾಲವನ್ನು ಮೇಲಕ್ಕೆತ್ತಿ ಮೂತಿಯನ್ನು ಕಚ್ಚಿನಿಂದ ಬಿಡಿಸುವುದು. ಭತ್ತದ ಕಾಳಿಗಿಂತಲೂ ಕಿರಿದಾದ ಎರಡು ಉಕ್ಕಿನ ಅಂಚುಗಳ ಮೇಲೆ ಮನುಷ್ಯರ ಪ್ರಾಣವು ನಿಂತದ್ದು ಅಂದಿನಿಂದ.

ಅನಂತರದ ಸುಧಾರಣೆಗಳೆಲ್ಲ ಹೆಚ್ಚಾಗಿ ಬೆಂಕಿ ಹೊತ್ತಿಸುವ ವಿಧಾನಕ್ಕೆ ಸಂಬಂಧಿಸಿದುವು. ಸ್ಕಾಟ್ಲೆಂಡಿನ ಅಲೆಕ್ಸಾಂಡರ್ ಫೋರ್ಸಿತ್ ಎಂಬ ಪಾದ್ರಿಗೆ ಹಕ್ಕಿ ಬೇಟೆಯ ಹುಚ್ಚು. ಬಟ್ಟಲಿನ ಮದ್ದು ಝಗ್ಗೆಂದು ಹೊತ್ತುವುದನ್ನು ಕಂಡ ನೀರುಹಕ್ಕಿಗಳು ಗುಂಡು ತಲುಪುವಷ್ಟರಲ್ಲಿ ತಪ್ಪಿಸಿಕೊಳ್ಳುತ್ತಿದ್ದುದರಿಂದ ಬೇಸತ್ತು, ಪೆಟ್ಟಿನಿಂದಲೇ ಸಿಡಿಯುವ ರಾಸಾಯನಿಕವನ್ನು ಬಳಸುವ ಕೀಲನ್ನು ಕಲ್ಪಿಸಿ ೧೮೦೭ರಲ್ಲಿ ಪೇಟೆಂಟ್ ಪಡೆದನು. ಧರ್ಮೋಪದೇಶಕನಿಂದ ಇಂತಹ ಉಪಕಾರವಾದುದು ವಿಚಿತ್ರವೇ ಸರಿ. ನಮ್ಮ ಮಲೆನಾಡಿನ ಕೇಪಿನ ಕೋವಿಯು ಈ ವಂಶದ್ದು. ಹಿಂಭಾಗದಲ್ಲಿ ಮುರಿದು ತೋಟೆ ತುಂಬುವ ಕೋವಿಯನ್ನು ಪ್ಯಾರಿಸಿನ ಲೆಫೋಶೆ ಎಂಬವನು ಪ್ರಚಾರಕ್ಕೆ ತಂದನು. ೧೮೫೧ರ ಲಂಡನ್ ಮಹಾಪ್ರದರ್ಶನದಲ್ಲಿ ಅದನ್ನು ಕಂಡ ಮೇಲೆ ಇಂಗ್ಲಿಷ್ ಕೋವಿಗಾರರೂ ಆ ದಾರಿ ಹಿಡಿದರು.

ನಮ್ಮ ವಿಷಯಕ್ಕೆ ಮುಖ್ಯವಾದ ವರ್ಷವು ೧೮೭೫. ಆ ವರ್ಷ ಬರ್ಮಿಂಗ್‌ಹ್ಯಾಮಿನ ವೆಸ್ಟ್‌ಲಿ ರಿಚರ್ಡ್ಸ್ ಸಂಸ್ಥೆಯ ಆನ್ಸನ್ ಮತ್ತು ಡೀಲಿ ಎಂಬಿಬ್ಬರು, ನಳಿಗೆಗಳನ್ನು ಕೆಳಕ್ಕೆ ಬಾಗಿಸಿದಾಗ ಕುದುರೆಗಳು ತಾವಾಗಿಯೇ ಹೂಡಿಕೊಳ್ಳುವ ಸರಳವಾದ ಕೀಲನ್ನು ಪೇಟೆಂಟ್ ಮಾಡಿಸಿದರು. ಕುದುರೆಗಳು ಹೊರಗಿನಿಂದ ಮಾಯವಾಗಿ ಉಕ್ಕಿನ ಪೆಟ್ಟಿಗೆಯೊಳಗೆ ಸೇರಿದುವು. ಕೆಲಸವು ಸುಲಭವಾಯಿತು; ಆದರೆ ಒಂದು ಲಾಭವು ಕೈಬಿಟ್ಟಿತು. ಹೊರಗುದುರೆಯ ಕೋವಿಯು ಹೂಡಿದೆಯೋ ಇಲ್ಲವೋ ಎಂಬುದನ್ನು ಹತ್ತು ಮಾರು ದೂರದಲ್ಲಿ ನಿಂತವನೂ ನೋಡಬಲ್ಲನು. ಒಳಗುದುರೆಯದನ್ನು ಹಿಡಿದವನೇ ಕಾಣಲಾರನು. ಹೆಬ್ಬೆರಳಿನಿಂದ ಸರಿಸುವ ‘ಸೇಫ್ಟಿ’ ಉಂಟಲ್ಲವೇ ಎಂದರೆ, ಸಾಧಾರಣ ಕೋವಿಗಳಲ್ಲಿ ಅದು ತಡೆಯುವುದು ಟ್ರಿಗರನ್ನು ಮಾತ್ರ. ಸಿಯರನ್ನಾಗಲಿ ಟಂಬ್ಲರನ್ನಾಗಲಿ ಅಲ್ಲ. ಸಿಯರು ಜಾರಿದರೆ ಇನ್ನೊಂದು ಕೊಂಡಿಯು ಅಡ್ಡಬಂದು ಹಿಡಿಯುವ ಏರ್ಪಾಡು ಬೆಲೆಬಾಳುವ ಕೋವಿಗಳಲ್ಲಿಯೇ ಹೆಚ್ಚು.

ಟ್ರಿಗರ್ ಅಂಟಿಕೊಳ್ಳುವುದು ಏತಕ್ಕೆ ಅಪಾಯವೆಂಬುದು ಈಗ ಸ್ಪಷ್ಟವಾದೀತು. ಹಿಂದೆ ಸರಿದ ಟ್ರಿಗರ್ ಅಲ್ಲಿಯೇ ನಿಂತರೆ ಸಿಯರಿನ ಬಾಲವು ತುಸು ಎತ್ತಿಕೊಂಡೇ ಇರುತ್ತದೆ. ಮುಂದಿನ ಸಲ ಹೂಡಿದಾಗ ಮೂತಿಯು ಕಚ್ಚಿನ ಆಳಕ್ಕಿಳಿಯದೆ ತುದಿಯಲ್ಲಿ ಮಾತ್ರ ನಿಲ್ಲುತ್ತದೆ. ತೋಟೆ ತುಂಬಿ ನಳಿಗೆಗಳನ್ನು ಮುಚ್ಚುವಾಗಿನ ಆಘಾತವೇ ಅದನ್ನು ಜಾರಿಸಲು ಸಾಕು. ಬೆರಳು ತಗುಲದೆಯೇ ಈಡು ಹಾರಿತೆಂದು ಜನರು ಹೇಳುವ ಪ್ರಸಂಗಗಳಲ್ಲಿ ದೈವವನ್ನು ದೂರುವುದಕ್ಕೆ ಮೊದಲು ಸಿಯರನ್ನು ನೋಡುವುದು ಲೇಸು.

ನಮ್ಮ ನಾಡಿನಲ್ಲಿ ಹಳೆಯ ಕೋವಿಗಳು ಮನೆಮನೆಗಳಲ್ಲಿ ಉಳಿದುಬಂದಿರುವುದು ಕೊಡಗಿನಲ್ಲಿ. ಅದಕ್ಕೊಂದು ಶಾಸನದ ಕಾರಣವುಂಟು. ೧೮೫೭ರ ದಂಗೆಯ ತರುವಾಯ ಸರ್ಕಾರವು ಜನರ ಆಯುಧಗಳನ್ನು ಕಿತ್ತುಕೊಳ್ಳುವ ಶಾಸನ ಮಾಡಿದಾಗ, ೧೮೬೧ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ನನು ಕೊಡಗರಿಗೆ ಅದರಿಂದ ವಿನಾಯಿತಿ ಕೊಟ್ಟನು. ಸ್ವಾತಂತ್ರ್ಯಾನಂತರವೂ ಅದು ಮುಂದುವರಿಯಿತು; ೨೦೧೯ರಲ್ಲಿ ಕೇಂದ್ರ ಸರ್ಕಾರವು ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಅದನ್ನು ೨೦೨೯ರವರೆಗೆ ವಿಸ್ತರಿಸಿತು; ಅದರ ವಿರುದ್ಧ ಬಂದ ಮೊಕದ್ದಮೆಯಲ್ಲಿ ೨೦೨೧ರಲ್ಲಿ ಹೈಕೋರ್ಟು ವಿನಾಯಿತಿಯನ್ನು ಎತ್ತಿಹಿಡಿಯಿತು. ನಾಟಿಯ ಕೆಲಸ ಮುಗಿದ ಮೇಲೆ ಬರುವ ಕೈಲ್‌ಪೊದ್‌ ಹಬ್ಬದಲ್ಲಿ ಕೋವಿಗಳನ್ನು ಶುಚಿಮಾಡಿ ಪೂಜಿಸಿ, ನಳಿಗೆಯ ಬಾಯಿಗೆ ‘ತೋಕ್ ಪೂ’ ಎಂಬ ಹೂವನ್ನು ಸಿಕ್ಕಿಸುವುದು ಸಂಪ್ರದಾಯ. ಹಳೆಯ ಯಂತ್ರದ ರಕ್ಷಣೆಗೆ ಇಷ್ಟು ಚೆಲುವಾದ ವಾರ್ಷಿಕ ನಿಯಮವು ಬೇರೆ ಕಡೆ ದೊರೆಯುವುದು ಕಷ್ಟ. ಆದರೆ ಶುಚಿಯಾಗುವುದು ಬಹುಮಟ್ಟಿಗೆ ನಳಿಗೆಯೇ. ಕೀಲಿಗೆ ಸಲ್ಲುವುದು ಎಣ್ಣೆ ಮಾತ್ರ.

ಎಣ್ಣೆಗೂ ಅಕ್ಕರೆಗೂ ಸಂಸ್ಕೃತದಲ್ಲಿ ‘ಸ್ನೇಹ’ವೆಂಬ ಒಂದೇ ಹೆಸರು. ಎರಡೂ ಅಂಟುವ ಸ್ವಭಾವದವು. ಕೊಬ್ಬರಿ ಎಣ್ಣೆಯು ಸುಮಾರು ೨೪ ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗೆ ಹೆಪ್ಪುಗಟ್ಟುತ್ತದೆ. ಆದುದರಿಂದಲೇ ಮಡಿಕೇರಿಯ ಚಳಿಗಾಲದ ಬೆಳಗಿನಲ್ಲಿ ಅಂಟಿದ್ದ ಟ್ರಿಗರ್ ಮಧ್ಯಾಹ್ನದ ಬಿಸಿಲಿನಲ್ಲಿ ನಿರಾಯಾಸವಾಗಿ ಆಡುತ್ತದೆ. ರಿಪೇರಿಯವನಿಗೆ ತೋರಿಸುವ ಹೊತ್ತಿಗೆ ರೋಗವೇ ಇರುವುದಿಲ್ಲ. ಅಗಸೆ ಎಣ್ಣೆಯದು ಇನ್ನೂ ಕೆಟ್ಟ ಗುಣ. ಮರದ ಹಿಡಿಗೆ ಹೊಳಪು ಕೊಡಲು ಅದು ಉತ್ತಮ, ಗಾಳಿಗೆ ಒಣಗಿ ಗಟ್ಟಿ ಪೊರೆಯಾಗುವುದೇ ಅದರ ಧರ್ಮ; ಕೀಲಿನೊಳಕ್ಕೆ ಇಳಿದರೆ ಅಲ್ಲಿಯೂ ಅದೇ ಧರ್ಮವನ್ನು ಆಚರಿಸುತ್ತದೆ. ಇದರ ಮೇಲೆ ವರ್ಷಕ್ಕೆ ೧೦೦ ಅಂಗುಲ ಮೀರುವ ಮಳೆಯ ತೇವದಿಂದ ಮರವು ಊದಿ, ಟ್ರಿಗರ್ ಹಾಯುವ ಸೀಳು ಇಕ್ಕಟ್ಟಾಗುವುದುಂಟು. ಕೆಳಗಿನ ತಿರುಪನ್ನು ಅತಿಯಾಗಿ ಬಿಗಿದಿದ್ದರೂ ಫಲ ಒಂದೇ.

ಚಿಕಿತ್ಸೆಯಲ್ಲಿ ಮೊದಲನೆಯದು, ಕೋವಿಯನ್ನು ಮುರಿದು ಎರಡು ನಳಿಗೆಗಳೂ ಬರಿದೆಂದು ಕಣ್ಣಾರೆ ಕಂಡು ನಳಿಗೆಗಳನ್ನು ಬೇರ್ಪಡಿಸಿಡುವುದು. ಅನಂತರ ಸೀಮೆಎಣ್ಣೆಯಿಂದ ಕೀಲಿನ ಹಳೆಯ ಜಿಡ್ಡನ್ನು ಕರಗಿಸಿ, ಹೊರಕ್ಕೆ ಬಸಿಸಿ, ಚೆನ್ನಾಗಿ ಒರೆಸಿ ಆರಿಸಿ, ತೆಳುವಾದ ಯಂತ್ರದೆಣ್ಣೆಯನ್ನು ಸೂಜಿಯ ಮೊನೆಯಿಂದ ಒಂದೆರಡು ತೊಟ್ಟು ಮಾತ್ರ ಮುಟ್ಟಿಸುವುದು. ಹೀಗೆ ಮಾಡುವಾಗಲೂ ಆಮೇಲೆ ಒರಗಿಸಿಡುವಾಗಲೂ ಕೀಲಿನ ಎಣ್ಣೆಯು ಹಿಡಿಯ ಮರಕ್ಕೆ ಇಳಿಯದಂತೆ ಬಾಯಿ ಕೆಳಗಾಗಿರಬೇಕು. ಎಣ್ಣೆ ಕುಡಿದ ಮರವು ಮೆದುವಾಗಿ ಕೆಡುತ್ತದೆ. ಅಂಟು ಇಷ್ಟರಿಂದಲೇ ಬಹಳ ಮಟ್ಟಿಗೆ ಬಿಡುತ್ತದೆ. ಬಿಡದಿದ್ದರೆ ಕೀಲನ್ನು ಬಿಚ್ಚಬೇಕಾಗುವುದು. ಅದು ಮನೆಯ ಕೆಲಸವಲ್ಲ. ಒಳಗಿನ ಕಮಾನು ಬಾಗಿದ ಸ್ಥಿತಿಯಲ್ಲಿರುತ್ತದೆ, ಮತ್ತು ತಿರುಪುಗಳ ಸೀಳು ಕೂದಲಿನಂತೆ ಸಣ್ಣದು. ಸಿಕ್ಕಿದ ತಿರುಪುಳಿಯನ್ನು ಇಟ್ಟು ತಿರುಗಿಸಿದರೆ ತಲೆಯೇ ಹರಿಯುತ್ತದೆ.

ಅರ ಹಿಡಿಯುವ ಕೈಯಂತೂ ಕೀಲಿನ ಬಳಿಗೆ ಬರಲೇಬಾರದು. ಟ್ರಿಗರ್ ಗಡುಸಾಗಿದೆಯೆಂದು ಸಿಯರಿನ ಮೂತಿಯನ್ನು ಉಜ್ಜಿ ನಯಮಾಡುವವರುಂಟು. ಹಳೆಯ ಕೋವಿಗಳ ಈ ಭಾಗಗಳನ್ನು ಸಾಮಾನ್ಯವಾಗಿ ಮೂಳೆಯ ಇದ್ದಲಿನಲ್ಲಿ ಕಾಯಿಸಿ ನೀರಿಗದ್ದಿ ಹದಮಾಡುತ್ತಿದ್ದರು. ಗಟ್ಟಿಯಾಗುವುದು ಮೇಲಿನ ತೊಗಲು ಮಾತ್ರ, ಒಳಗೆ ಮೆದುವಾದ ಕಬ್ಬಿಣ. ಅರದ ನಾಲ್ಕು ಎಳೆತಕ್ಕೆ ಆ ತೊಗಲು ಹೋಗುತ್ತದೆ. ಕೆಲವು ದಿನ ಟ್ರಿಗರ್ ಬೆಣ್ಣೆಯಂತೆ ಆಡುತ್ತದೆ, ಯಜಮಾನನು ಮೆಚ್ಚುತ್ತಾನೆ. ಅಷ್ಟರಲ್ಲಿ ಮೂತಿಯೂ ಕಚ್ಚೂ ಸವೆದು ಹಿಡಿತ ತಪ್ಪಿರುತ್ತದೆ. ಸಾಮಾನ್ಯವಾಗಿ ಮುಂದಿನ ಟ್ರಿಗರ್ ಮೂರೂವರೆ, ನಾಲ್ಕು ಪೌಂಡಿನ ಎಳೆತಕ್ಕೂ ಹಿಂದಿನದು ಅದಕ್ಕಿಂತ ತುಸು ಹೆಚ್ಚಿನದಕ್ಕೂ ಬಿಡುವಂತೆ ತಯಾರಕರು ಮಾಡುತ್ತಿದ್ದುದು, ಒಂದು ನಳಿಗೆಯ ಒದೆತಕ್ಕೆ ಇನ್ನೊಂದು ಹಾರದಿರಲೆಂದೇ. ಕಚ್ಚು ಸವೆದ ಕೋವಿಯನ್ನು ತೋಟೆ ತುಂಬದೆ ಇರಿಸಿ, ಪರವಾನಗಿಯುಳ್ಳ ಕೋವಿಗಾರನ ಕೈಗೆ ಒಪ್ಪಿಸತಕ್ಕದ್ದು. ೧೯೫೯ರ ಆಯುಧ ಶಾಸನದ ಪ್ರಕಾರ ಕೋವಿಯ ರಿಪೇರಿಯನ್ನು ಕಸಬಾಗಿ ಮಾಡುವವರಿಗೂ ಪರವಾನಗಿ ಬೇಕು.