ಎರಡು ದಿನದ ಮದುವೆ, ಹದಿನಾಲ್ಕು ವರ್ಷದ ಜಗಳ

ಮೊನ್ನೆ ಒಂದು ಹಳೇ ತೀರ್ಪು ಓದುತ್ತಾ ಕೂತಿದ್ದೆ. 2013ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟು ಕೊಟ್ಟಿದ್ದು. ಆಂಧ್ರದ ಒಂದು ಜೋಡಿಯ ಕಥೆ. ಮದುವೆಯಾಗಿದ್ದು 1999ರ ಏಪ್ರಿಲ್ 25ರಂದು. 27ಕ್ಕೆ ಎರಡೂ ಕಡೆಯ ಹಿರಿಯರು ಜಗಳಕ್ಕೆ ನಿಂತು, ಬೈದಾಡಿ, ಕೊನೆಗೆ ಚಪ್ಪಲಿ ಎಸೆದಾಡಿಕೊಂಡರಂತೆ! ಅವತ್ತೇ ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಆಮೇಲೆ ದೂರು, ಕೇಸು, ಅಪೀಲು... ಸುಪ್ರೀಂ ಕೋರ್ಟಿನಲ್ಲಿ ವಿಚ್ಛೇದನ ಸಿಗುವ ಹೊತ್ತಿಗೆ ಹದಿನಾಲ್ಕು ವರ್ಷ ಆಗುತ್ತಾ ಬಂದಿತ್ತು. ಶುರುವಿನಲ್ಲೇ ಇಬ್ಬರನ್ನೂ ಮಧ್ಯಸ್ಥಿಕೆಗೆ ಕಳಿಸಿದ್ದರೆ ಇಷ್ಟು ಕಹಿ ಬೆಳೆಯುತ್ತಿರಲಿಲ್ಲ ಎಂಬರ್ಥದ ಮಾತು ಆ ತೀರ್ಪಿನಲ್ಲಿದೆ.

ಓದಿ ನನಗೆ ನಗು ಬಂತು, ಬೇಜಾರೂ ಆಯಿತು. ನಮ್ಮ ದೇಶದಲ್ಲಿ ಮಧ್ಯೆ ಬರೋರಿಗೇನು ಬರವೇ? ಇಲ್ಲಿ ಚಪ್ಪಲಿ ಎಸೆದವರೂ ಮಧ್ಯೆ ಬಂದವರೇ ಅಲ್ವಾ!

ಹಾಗಾದರೆ ಕೋರ್ಟು ಹೇಳುವ ಮಧ್ಯಸ್ಥಿಕೆಗೂ ನಮ್ಮ ಹಳೇ ಪಂಚಾಯ್ತಿಗೂ ಏನು ವ್ಯತ್ಯಾಸ? ಅದನ್ನು ಹುಡುಕುತ್ತಾ ಸ್ವಲ್ಪ ಹಿಂದಕ್ಕೆ ಹೋದೆ.

ಉತ್ತರ ಕರ್ನಾಟಕದವರಿಗೆ ‘ಸೋಡಚೀಟಿ’ ಅನ್ನೋ ಮಾತು ಗೊತ್ತಿರುತ್ತೆ. ಎಷ್ಟೋ ಸಮುದಾಯಗಳಲ್ಲಿ ಕುಲದ ಹಿರಿಯರ ಮುಂದೆ ಸೋಡಚೀಟಿ ಆಗಿ ಗಂಡ ಹೆಂಡತಿ ಬೇರೆಯಾಗುತ್ತಿದ್ದರು. ಹೆಣ್ಣು ಮತ್ತೆ ಉಡಿಕಿ ಮದುವೆ ಮಾಡಿಕೊಳ್ಳಬಹುದಿತ್ತು. 1955ರ ಹಿಂದೂ ವಿವಾಹ ಕಾಯ್ದೆ ಕೂಡ ತನ್ನ 29ನೇ ಸೆಕ್ಷನ್ನಿನಲ್ಲಿ ಇಂಥ ರೂಢಿಯ ಬಿಡುಗಡೆಗಳನ್ನು ಹಾಗೇ ಉಳಿಸಿತು. ಕೋರ್ಟಿಲ್ಲದೆ ಬೇರೆಯಾಗೋದು ನಮಗೆ ಹೊಸದಲ್ಲ ಅನ್ನೋದಕ್ಕೆ ಇಷ್ಟು ಸಾಕು. ಆದರೆ ಪಂಚಾಯ್ತಿಯಲ್ಲಿ ಕೂತವರು ಮಧ್ಯಸ್ಥರಲ್ಲ, ನ್ಯಾಯಾಧೀಶರೇ. ಮಾತು ಮುಗಿಸೋರು ಅವರು. ಹೆಣ್ಣಿನ ಪರವಾಗಿ ಮಾತಾಡೋದು ಹೆಚ್ಚಾಗಿ ಅಪ್ಪನೋ ಅಣ್ಣನೋ.

ಸರಿ, ಪಂಚಾಯ್ತಿ ಬೇಡ, ಕೋರ್ಟಿಗೇ ಹೋಗೋಣ ಅಂದರೆ? ಮುಂಬಯಿಯ ರುಖ್ಮಾಬಾಯಿಯ ಕಥೆ ನೋಡಿ. ಚಿಕ್ಕ ವಯಸ್ಸಿನಲ್ಲೇ ಮದುವೆಯಾಗಿತ್ತು. ದೊಡ್ಡವಳಾದ ಮೇಲೆ ಗಂಡನ ಮನೆಗೆ ಹೋಗಲ್ಲ ಅಂದಳು. 1884ರಲ್ಲಿ ಗಂಡ ದಾದಾಜಿ ಕೇಸು ಹಾಕಿದ. 1887ರಲ್ಲಿ ಕೋರ್ಟು ‘ಗಂಡನ ಮನೆಗೆ ಹೋಗು, ಇಲ್ಲ ಆರು ತಿಂಗಳು ಜೈಲಿಗೆ ಹೋಗು’ ಅಂತು. ಜೈಲೇ ಆಗಲಿ ಅಂದಳು ಆಕೆ! ಕೊನೆಗೆ 1888ರಲ್ಲಿ ಕೋರ್ಟಿನ ಹೊರಗೆ ರಾಜಿಯಾಯಿತು. ಎರಡು ಸಾವಿರ ರೂಪಾಯಿ ತಗೊಂಡು ದಾದಾಜಿ ತನ್ನ ಹಕ್ಕು ಬಿಟ್ಟ. ರುಖ್ಮಾಬಾಯಿ ಲಂಡನ್ನಿಗೆ ಹೋಗಿ ಓದಿ ಡಾಕ್ಟರಾಗಿ ಬಂದರು. ಕೋರ್ಟು ಕೊಡದ ಬಿಡುಗಡೆಯನ್ನು ರಾಜಿ ಕೊಟ್ಟಿತು ನಿಜ. ಆದರೆ ದುಡ್ಡು ತೆರಬೇಕಾಗಿದ್ದು ಯಾರು ಅನ್ನೋದನ್ನೂ ನೆನಪಿಡಬೇಕು.

ಸ್ವತಂತ್ರ ಭಾರತದಲ್ಲಿ 1955ರ ಕಾಯ್ದೆಯಲ್ಲಿ ವಿಚ್ಛೇದನ ಬಂತು. ಆದರೆ ಸಾಮಾನ್ಯವಾಗಿ ಒಬ್ಬರ ತಪ್ಪನ್ನು ಇನ್ನೊಬ್ಬರು ಸಾಬೀತು ಮಾಡಬೇಕಿತ್ತು. ಇಬ್ಬರೂ ಒಪ್ಪಿ ಬೇರೆಯಾಗಲು ದಾರಿ ಸಿಕ್ಕಿದ್ದು 1976ರ ತಿದ್ದುಪಡಿಯಲ್ಲಿ. 1984ರ ಕುಟುಂಬ ನ್ಯಾಯಾಲಯ ಕಾಯ್ದೆ ‘ಮೊದಲು ರಾಜಿಗೆ ಪ್ರಯತ್ನ ಮಾಡಿ’ ಅಂತ ಜಡ್ಜಿಗೇ ಹೇಳಿತು. ತೊಂದರೆ ಏನಂದರೆ, ನಮ್ಮಲ್ಲಿ ರಾಜಿ ಅಂದರೆ ‘ಹೊಂದಿಕೊಂಡು ಹೋಗಮ್ಮ’ ಅಂತಲೇ ಅರ್ಥ. ಚೆನ್ನಾಗಿ ಬೇರೆಯಾಗೋದೂ ಒಂದು ರಾಜಿಯೇ ಅನ್ನೋದು ನಮಗೆ ತಲೆಗೆ ಹತ್ತಿರಲಿಲ್ಲ.

ಆ ಯೋಚನೆ ಆಗಲೇ ಅಮೆರಿಕದಲ್ಲಿ ಬೆಳೆಯುತ್ತಿತ್ತು. ಅಟ್ಲಾಂಟಾದ ಓ. ಜೆ. ಕೂಗ್ಲರ್ ಅನ್ನೋ ಲಾಯರು ತನ್ನದೇ ವಿಚ್ಛೇದನದಲ್ಲಿ ನೊಂದು, 1974ರ ಹೊತ್ತಿಗೆ ಬೇರೆಯಾಗೋ ದಂಪತಿಗಳಿಗಾಗಿಯೇ ಮಧ್ಯಸ್ಥಿಕೆ ಶುರು ಮಾಡಿದ. 1981ರಿಂದ ಕ್ಯಾಲಿಫೋರ್ನಿಯಾದಲ್ಲಿ ಮಕ್ಕಳು ಯಾರ ಹತ್ತಿರ ಇರಬೇಕು ಅನ್ನೋ ತಕರಾರಿಗೆ ಮೊದಲು ಮಧ್ಯಸ್ಥಿಕೆ ಕಡ್ಡಾಯವಾಯಿತು.

ನಮ್ಮಲ್ಲಿ ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಸೆಕ್ಷನ್ 2002ರ ಜುಲೈನಲ್ಲಿ ಜಾರಿಗೆ ಬಂತು. ಕೋರ್ಟೇ ಕೇಸನ್ನು ಮಧ್ಯಸ್ಥಿಕೆಗೆ ಕಳಿಸಬಹುದು ಅಂತಾಯಿತು. 2007ರಲ್ಲಿ ನಮ್ಮ ಹೈಕೋರ್ಟು ಬೆಂಗಳೂರು ಮಧ್ಯಸ್ಥಿಕೆ ಕೇಂದ್ರ ತೆರೆಯಿತು. ಮೇಲೆ ಹೇಳಿದ 2013ರ ತೀರ್ಪು ಕೇಸು ಹಾಕೋ ಮೊದಲೇ ಬರೋರಿಗೂ ಇಂಥ ಕೇಂದ್ರಗಳಲ್ಲಿ ಅನುಕೂಲ ಮಾಡಿಕೊಡಿ ಅಂತು. 2023ರಲ್ಲಿ ಮಧ್ಯಸ್ಥಿಕೆಗೆಂದೇ ಪ್ರತ್ಯೇಕ ಕಾಯ್ದೆ ಬಂತು.

ಇಲ್ಲಿ ಮಧ್ಯಸ್ಥರು ತೀರ್ಪು ಕೊಡೋ ಹಾಗಿಲ್ಲ. ಇಬ್ಬರನ್ನೂ ಒಟ್ಟಿಗೆ ಕೂರಿಸಿ, ಬೇಕಾದರೆ ಒಬ್ಬೊಬ್ಬರನ್ನೇ ಕರೆದು ಮಾತಾಡಿಸುತ್ತಾರೆ. ಅಲ್ಲಿ ಆಡಿದ ಮಾತು ಆ ಕೋಣೆ ದಾಟಬಾರದು, ಕೋರ್ಟಿನಲ್ಲಿ ಸಾಕ್ಷಿಯಾಗಿ ತರೋ ಹಾಗಿಲ್ಲ. ಒಪ್ಪಂದ ಆಗದಿದ್ದರೆ ಕೋರ್ಟಿನ ಬಾಗಿಲು ತೆರೆದೇ ಇರುತ್ತೆ. ಆದರೂ ವಿಚ್ಛೇದನದ ಡಿಕ್ರಿ ಕೊಡೋದು ಕೋರ್ಟೇ. ಇಲ್ಲಿ ಆಗೋದು ಒಪ್ಪಂದ ಮಾತ್ರ.

ನನ್ನ ಗೆಳತಿಯೊಬ್ಬಳು ಹೀಗೇ ಬೇರೆಯಾದಳು. ಜೀವನಾಂಶ, ಮಗಳ ಫೀಸು, ದಸರಾ ರಜೆ, ಭಾನುವಾರಗಳು, ಎಲ್ಲ ಕಾಗದದ ಮೇಲೆ ಬಂತು. "ಎಲ್ಲರೂ ಏನು ಮಾಡಬೇಕು ಅಂತ ಹೇಳೋರೇ. ನಿಮಗೇನು ಬೇಕಮ್ಮ ಅಂತ ಕೇಳಿದ್ದು ಅಲ್ಲೇ ಮೊದಲು ಕಣೇ" ಅಂದಳು. ನನಗೆ ಪಂಚಾಯ್ತಿಗೂ ಇದಕ್ಕೂ ಇರೋ ವ್ಯತ್ಯಾಸ ಅರ್ಥವಾಗಿದ್ದು ಆ ಒಂದು ಮಾತಿನಲ್ಲಿ.

ಹಾಗಂತ ಇದು ಎಲ್ಲದಕ್ಕೂ ಮದ್ದಲ್ಲ. ಹೊಡೆತ, ಬೆದರಿಕೆ ಇರೋ ಮನೆಯಿಂದ ಬಂದವಳು ಆ ಮನುಷ್ಯನ ಎದುರು ಕೂತು ತನಗೇನು ಬೇಕು ಅಂತ ಹೇಗೆ ಹೇಳಿಯಾಳು? ಅಂಥವಳಿಗೆ ಬೇಕಾಗಿದ್ದು ಮೊದಲು ರಕ್ಷಣೆ. ಅಲ್ಲಿ ‘ಮಾತಾಡಿ ಬಗೆಹರಿಸಿಕೊಳ್ಳಿ’ ಅಂದರೆ ಮತ್ತೆ ಅದೇ ‘ಹೊಂದಿಕೊಂಡು ಹೋಗಮ್ಮ’ ಆಗುತ್ತೆ, ಅಷ್ಟೆ.

ಅಂದ ಹಾಗೆ, ನಿಮ್ಮ ಊರ ಕಡೆ ಸೋಡಚೀಟಿಗೆ ಬೇರೆ ಹೆಸರಿತ್ತಾ? ಅಲ್ಲಿ ಹೆಣ್ಣುಮಕ್ಕಳು ತಾವೇ ಮಾತಾಡಿದ್ದನ್ನು ಮನೆಯ ಹಿರಿಯರಿಂದ ಕೇಳಿದ್ದೀರಾ? ಗೊತ್ತಿದ್ದರೆ ಖಂಡಿತ ಬರೆಯಿರಿ.